ಹಾಲುಗಂಟು

ಬೆಳ್ಳಟ್ಟಿ, ತಾ. ಶಿರಹಟ್ಟಿ
ಶನಿವಾರ, ೧ ಫೆಬ್ರವರಿ ೨೦೨೫

ನನ್ನ ಬಂಗಾರ ಯಾಸ್ಮೀನಳಿಗೆ ಅಮ್ಮಿಯ ಸಲಾಮು, ಎರಡೂ ಕೆನ್ನೆಗೆ ಮುತ್ತು.

ಹೇಗಿದ್ದೀ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಅದನ್ನೂ ಬಿಟ್ಟಿದ್ದೀಯೋ? ಆಪರೇಷನ್ ಮಾಡುತ್ತ ನಿಂತೂ ನಿಂತೂ ನಿನ್ನ ಕಾಲಿನ ನರ ಉಬ್ಬಿದ್ದವಲ್ಲ, ಈಗ ನಿಲ್ಲುವ ಕೆಲಸವನ್ನೇ ಬಿಟ್ಟು ಕೂತಿದ್ದೀಯಂತೆ, ಅವಾದರೂ ಇಳಿದಿರಬೇಕು. ಅಮೀರಾಳ ಕೆಮ್ಮು ಹೋಯಿತೇ? ಮಲಗುವಾಗ ಬೆನ್ನಿಗೆ ಬಿಸಿ ಎಣ್ಣೆ ಸವರು. ಡಾಕ್ಟರ ಮಗಳಾದರೇನು, ಕೆಮ್ಮಿಗೆ ಯಾರ ಡಿಗ್ರಿಯೂ ಗೊತ್ತಿರುವುದಿಲ್ಲ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಸೀಮ ಎತ್ತಿ, ‘ಆಕಿ ಮಲಗ್ಯಾಳ್ರಿ ಅಮ್ಮಿ’ ಅನ್ನುತ್ತಾನೆ. ಹಾಡುಹಗಲು ಮಲಗುವ ಸರ್ಜನ್‌ಳನ್ನು ನಾನಂತೂ ಕಂಡಿಲ್ಲ. ನಿನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ಒಳ್ಳೆಯ ಗುಣ, ಅದಕ್ಕಾಗಿ ಅವನನ್ನು ಬೈಯಬೇಡ. ಫೋನ್ ಆದರೆ ಕತ್ತರಿಸಬಹುದು, ಕಾಗದವನ್ನು ಓದದೆ ಇರುವುದು ಕಷ್ಟ. ಅದಕ್ಕೇ ಬರೆಯಲು ಕೂತೆ. ನನ್ನ ಅಕ್ಷರ ಏಳನೆಯ ಇಯತ್ತೆಯಲ್ಲಿ ಎಲ್ಲಿಗೆ ನಿಂತಿತ್ತೋ ಅಲ್ಲೇ ಇದೆ, ನಗಬೇಡ.

ಇಲ್ಲಿ ಎಲ್ಲರೂ ಇದ್ದೇವೆ. ಸೌಖ್ಯ ಎಂದು ಬರೆಯಲು ಕೈ ಬರುತ್ತಿಲ್ಲ. ಹೊಲದಲ್ಲಿ ಕಡಲೆ ಕಿತ್ತದ್ದಾಯಿತು, ಬಿಳಿಜೋಳ ತೆನೆ ತುಂಬಿದೆ. ಮುಂಚಿನಂತಾಗಿದ್ದರೆ ಗೋಡೆಯಾಚೆಯ ದೇವವ್ವ ಇಷ್ಟು ಹೊತ್ತಿಗೆ ಹಸಿ ತೆನೆ ಸುಟ್ಟು ಸೀತನಿ ಉದುರಿಸಿ, ಬೆಲ್ಲದ ಚೂರಿನ ಸಮೇತ ಗಂಟು ಕಟ್ಟಿ, ‘ನನ್ನ ಹುಡಿಗೀಗೆ ಮುಟ್ಟಸ್ರಿ’ ಎಂದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನಿಗೆ ಕೊಟ್ಟು ಬರುತ್ತಿದ್ದಳು. ಈ ವರ್ಷ ನಮ್ಮ ಓಣಿಯಲ್ಲಿ ಯಾರೂ ಸೀತನಿ ಸುಡಲಿಲ್ಲ. ಆಕೆ ಹೋದಾಗಿನಿಂದ ಗಂಡ ಹನಮಪ್ಪ ಕಟ್ಟೆಯ ಮೇಲೆ ಕೂತವನು ಕೂತೇ ಇದ್ದಾನೆ. ಮಗ ಸೋಮೇಶ ಟ್ರ್ಯಾಕ್ಟರ್ ಹೊಡೆದು ಬಂದು ತಾನೇ ರೊಟ್ಟಿ ತಟ್ಟುತ್ತಾನೆ, ಒಂದೂ ದುಂಡಗಿರುವುದಿಲ್ಲ. ನಾನು ಕೊಟ್ಟು ಕಳಿಸಿದರೆ ಬೇಡ ಎನ್ನುವುದಿಲ್ಲ, ಆದರೆ ಪಾತ್ರೆ ವಾಪಸು ತಂದುಕೊಡುವಾಗ ನನ್ನ ಮುಖ ನೋಡುವುದಿಲ್ಲ.

ವಸೀಮ ಎಲ್ಲ ಹೇಳಿದ. ರಜೆ ಹಾಕಿದ್ದೀಯಂತೆ, ರಜೆ ಮುಗಿದ ಮೇಲೆ ರಾಜೀನಾಮೆಯಂತೆ. ಇಷ್ಟು ವರ್ಷದ ಸಂಶೋಧನೆಯನ್ನೆಲ್ಲ ಜೊತೆಯ ಡಾಕ್ಟರುಗಳಿಗೆ ಒಪ್ಪಿಸಿ, ಅದರಿಂದ ನನ್ನ ಹೆಸರು ತೆಗೆದುಬಿಡಿ ಎಂದೆಯಂತೆ. ಇನ್ನು ಯಾವ ಹೆಣ್ಣುಮಗಳ ಮೈಮೇಲೂ ಕತ್ತರಿ ಇಡುವುದಿಲ್ಲ ಎಂದೆಯಂತೆ. ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕೇ, ಬೇರೆ ಯಾವುದಕ್ಕೂ ಅಲ್ಲ. ಸುತ್ತಿ ಬಳಸಿ ಬರಲು ನನಗೆ ಬರುವುದಿಲ್ಲ, ನಿನಗೂ ಬರುವುದಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ.

ಮುಂಬಯಿಯಲ್ಲಿ ಮೊಲೆಯ ಕ್ಯಾನ್ಸರಿನ ಆಪರೇಷನ್ ಕಲಿತು ಬಂದ ವರ್ಷ ನೀನು ಅಡುಗೆಮನೆಯಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಕೂತು ಆ ಶಬ್ದವನ್ನು ದೊಡ್ಡ ದನಿಯಲ್ಲಿ ಹೇಳಿದ್ದೆ. ನಾನು ಎದ್ದು ಕಿಟಕಿ ಹಾಕಿದೆ. ಹೊರಗೆ ನಿಮ್ಮ ಅಬ್ಬಾ ಕೆಮ್ಮಿದರು. ನೀನು ನಕ್ಕು, ‘ಅಮ್ಮಿ, ಈ ಶಬ್ದ ಬಾಯಾಗ ಬರವಲ್ದು ಅಂತನ ನಮ್ಮ ಹೆಣ್ಣಮಕ್ಕಳು ಸಾಯಾಕತ್ಯಾರ’ ಎಂದೆ. ಅವತ್ತಿನಿಂದ ಈ ಕಾಗದದಲ್ಲಿ ಬರೆಯುವಷ್ಟಾದರೂ ನನಗೆ ಧೈರ್ಯ ಬಂದಿದೆ ನೋಡು. ಆಮೇಲೆ ನೀನು ಮುಂಡರಗಿ ಎಂದೆ, ಲಕ್ಷ್ಮೇಶ್ವರ ಎಂದೆ, ಬೆಟಗೇರಿಯ ನೇಕಾರರ ಓಣಿ ಎಂದೆ, ಶಿಬಿರ ಶಿಬಿರ ಎಂದು ಬಿಸಿಲಿನಲ್ಲಿ ಕರ್ರಗಾದೆ. ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿ, ನಾಚುವ ಹೆಂಗಸರ ಪಕ್ಕ ಕೂರಿಸಿದೆ. ರೋಗ ಯಾಕೆ ಬರುತ್ತದೆ ಎಂದು ದೊಡ್ಡ ದೊಡ್ಡವರು ಹುಡುಕುತ್ತಿದ್ದಾರೆ, ನಮ್ಮ ಹೆಂಗಸರು ಯಾಕೆ ತಡವಾಗಿ ಬರುತ್ತಾರೆ ಎಂದು ನಾನು ಹುಡುಕುತ್ತೇನೆ ಎಂದು ನೀನು ಹೇಳುತ್ತಿದ್ದೆ. ಕೈಗೆ ಗಂಟು ಹತ್ತಿದ ಮೇಲೂ ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದರೆ ಎಲ್ಲ ಊರಿನಲ್ಲೂ ನಿನಗೆ ಸಿಕ್ಕಿದ್ದು ಒಂದೇ ಉತ್ತರ. ಅದು ರೋಗವಲ್ಲ, ಹಾಲುಗಂಟು. ಕೂಸಿಗೆ ಹಾಲು ಬಿಡಿಸಿದಾಗ ಉಳಿದ ಹಾಲು ಒಳಗೇ ಗಟ್ಟಿಯಾಗುತ್ತದೆ, ತಾನೇ ಕರಗುತ್ತದೆ. ಮೊಮ್ಮಕ್ಕಳನ್ನು ಕಂಡವರೂ ಅದನ್ನೇ ಹೇಳಿದರು.

ಆ ಶಬ್ದವನ್ನು ನೀನು ಇಂಗ್ಲಿಷಿನ ನಡುವೆ ಕನ್ನಡದಲ್ಲೇ ಇಟ್ಟು ದಿಲ್ಲಿಯ ಸಭೆಯಲ್ಲಿ ಓದಿದೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ‘ಹಾಲುಗಂಟು’ ಎಂದು ಬರೆದದ್ದರ ಫೋಟೋವನ್ನು ವಸೀಮ ಕಳಿಸಿದಾಗ ನಾನು ಓಣಿಗೆಲ್ಲ ತೋರಿಸಿಕೊಂಡು ಬಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನೀನಂತೂ ಹೆಗ್ಗಣವೂ ಅಲ್ಲ. ದೇವವ್ವನಿಗೂ ತೋರಿಸಿದೆ. ಆಕೆಗೆ ಓದಲು ಬಾರದು, ನಾನೇ ಓದಿ ಅರ್ಥ ಹೇಳಿದೆ. ಆಕೆ ಸ್ವಲ್ಪ ಹೊತ್ತು ಫೋನನ್ನೇ ನೋಡಿ, ಹಂಚಿನ ಮೇಲೆ ರೊಟ್ಟಿ ಇದೆ ಎಂದು ಎದ್ದು ಹೋದಳು. ಸೊಸೆಯಿಲ್ಲದ ಮನೆ, ಕೆಲಸ ಬಹಳ ಎಂದುಕೊಂಡೆ.

ಆಮೇಲೆ ನೀನು ಲಿವರಿನ ಕಡೆಗೆ ಇಳಿದೆ. ಮೊಲೆಯ ರೋಗ ಒಳಗೊಳಗೇ ಲಿವರಿಗೆ ಹೋದ ಮೇಲೆ ಕಣ್ಣು ಹಳದಿಯಾಗಿ ಬರುವ ಹೆಂಗಸರನ್ನು ನೋಡಿ ನಿನಗೆ ನಿದ್ದೆ ಹೋಗಿತ್ತು. ಅವರಿಗೆ ಕೊಡಬೇಕಾದ ಔಷಧಿಯನ್ನು ಕೆಟ್ಟ ಲಿವರು ತಡೆದುಕೊಳ್ಳುವುದಿಲ್ಲ, ಪೂರ್ತಿ ಕೊಡಲು ಬರುವುದಿಲ್ಲ ಎಂದು ನನಗೆ ಹಾಲು ಕಾಯಿಸುವ ಪಾತ್ರೆಯ ಉದಾಹರಣೆ ಕೊಟ್ಟು ತಿಳಿಸಿದ್ದೆ. ಕಣ್ಣು ಹಳದಿಯಾದವರು ನಮ್ಮ ಸೀಮೆಯಲ್ಲಿ ಮೊದಲು ಎಲ್ಲಿಗೆ ಹೋಗುತ್ತಾರೆ? ಕಾಮಣಿ ಔಷಧಿ ಕೊಡುವವರ ಮನೆಗೆ. ಕಾಮಣಿ ಔಷಧಿ ಕೊಡುವವರು ಯಾರು? ನಿಮ್ಮ ಅಬ್ಬಾ. ವಾರವೆಲ್ಲ ಗಾದಿ ಹೊಲಿಯುವ ಇಸಾಕಸಾಬರು ಭಾನುವಾರ ಬೆಳಿಗ್ಗೆ ಬೇರು ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಾರೆ. ನಿಮ್ಮ ಅಜ್ಜ ಕೊಟ್ಟರು, ಅವರಪ್ಪ ಕೊಟ್ಟರು. ದುಡ್ಡು ಮುಟ್ಟುವಂತಿಲ್ಲ, ಬಾಗಿಲಿಗೆ ಬಂದವರನ್ನು ಇಲ್ಲ ಎಂದು ಕಳಿಸುವಂತಿಲ್ಲ, ಬೇರಿನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಆ ಬೇರು ಲಿವರಿಗೆ ಒಳ್ಳೆಯದೋ ಕೆಟ್ಟದ್ದೋ ಪರೀಕ್ಷೆ ಮಾಡಿಸುತ್ತೇನೆ ಎಂದು ನೀನು ಕೇಳಿದಾಗ ಅವರು, ‘ಹೆಸರ ಹೇಳಿದ್ರ ಗುಣ ಹೊಕ್ಕೈತಿ’ ಎಂದರು. ನೀನು, ಗುಣ ಇದ್ದರಲ್ಲವೇ ಹೋಗುವುದು ಎಂದೆ. ಅಪ್ಪ ಮಗಳ ಮಾತು ಅಲ್ಲಿಗೆ ಅರ್ಧ ನಿಂತಿತ್ತು.

ಉಳಿದ ಅರ್ಧ ದೇವವ್ವನ ಮಣ್ಣಿನಲ್ಲಿ ನಿಂತಿತು.

ನೀನು ಹುಟ್ಟಿದಾಗ ನನಗೆ ಬಾಣಂತಿ ಜ್ವರ ಬಂದು ಎಚ್ಚರವಿಲ್ಲದೆ ಬಿದ್ದಿದ್ದೆ. ಪಕ್ಕದ ಮನೆಯಲ್ಲಿ ದೇವವ್ವ ಸೋಮೇಶನನ್ನು ಹೆತ್ತು ಇನ್ನೂ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ನಿನ್ನ ಅಳು ಗೋಡೆ ದಾಟಿ ಹೋಗುತ್ತಿತ್ತಂತೆ. ಅತ್ತೆ ಬೇಡವೆಂದರೂ ಕೇಳದೆ ಗಂಡನನ್ನು ಕಳಿಸಿ ನಿನ್ನನ್ನು ತರಿಸಿಕೊಂಡಳು. ಎಡಗಡೆ ನೀನು, ಬಲಗಡೆ ಸೋಮೇಶ. ನಾನು ಎದ್ದು ಓಡಾಡುವ ಹೊತ್ತಿಗೆ ನನ್ನ ಹಾಲು ಬತ್ತಿತ್ತು, ನೀನು ಆಕೆಯನ್ನು ಬಿಡಲಿಲ್ಲ. ನಮ್ಮವರು ಆಕೆಯನ್ನು ನಿನ್ನ ದೂಧ್ ಮಾ ಎಂದರು. ಆಕೆ ಮಾತ್ರ ಮುಪ್ಪಿನವರೆಗೂ ತನ್ನ ಎಡಗಡೆಯನ್ನು ‘ಯಾಸ್ಮೀನಳ ಕಡಿ’ ಎಂದೇ ಕರೆಯುತ್ತಿದ್ದಳು. ಸೊಂಟಕ್ಕೆ ಕೊಡ ಇಟ್ಟುಕೊಳ್ಳುವಾಗಲೂ ಹಾಗೇ ಹೇಳುತ್ತಿದ್ದಳು, ನಾವು ನಗುತ್ತಿದ್ದೆವು.

ನಿನ್ನನ್ನು ಒಳಗೊಳಗೇ ತಿನ್ನುತ್ತಿರುವುದು ಯಾವುದೆಂದು ನನಗೆ ಗೊತ್ತು. ನಮ್ಮೂರ ಶಾಲೆಯಲ್ಲಿ ಎರಡು ವರ್ಷದ ಹಿಂದೆ ನೀನು ಮಾಡಿದ ಶಿಬಿರ. ದೇವವ್ವ ನರ್ಸುಗಳಿಗೆಲ್ಲ ಬುಟ್ಟಿ ರೊಟ್ಟಿ ಹೊತ್ತು ತಂದಿದ್ದಳು. ನೀನು ತಮಾಷೆಗೆ ಆಕೆಯನ್ನೂ ಸಾಲಿನಲ್ಲಿ ಕೂರಿಸಿ, ‘ದೇವವ್ವಾ, ನಿನ್ನ ಎದಿಯಾಗೂ ಗಂಟೇನರ ಐತೇನು?’ ಎಂದು ಕೇಳಿದೆ. ಆಕೆ ಸೆರಗು ಬಾಯಿಗೆ ಇಟ್ಟು, ‘ನನ್ನ ಎದಿಯಾಗ ಗಂಟೆಲ್ಲಿಂದ ಬರತೈತಿ, ನೀ ಕುಡದು ಬಿಟ್ಟ ಹಾಲೈತಿ’ ಎಂದಳು. ಇಡೀ ಶಾಲೆ ನಕ್ಕಿತು. ನೀನೂ ನಕ್ಕೆ, ಕೈ ಹಿಡಿದು ಎಬ್ಬಿಸಿ ಮುಂದಿನವರನ್ನು ಕರೆದೆ. ನಾನು ಅಲ್ಲೇ ಇದ್ದೆ, ನಾನೂ ನಕ್ಕೆ. ಮುಂಡರಗಿಯ ಹೆಂಗಸು ಅದೇ ಮಾತು ಹೇಳಿದ್ದರೆ ನೀನು ಬರೆದುಕೊಳ್ಳುತ್ತಿದ್ದೆ, ಪರದೆಯ ಹಿಂದೆ ಕರೆದು ಕೈಯಿಟ್ಟು ನೋಡುತ್ತಿದ್ದೆ. ಮನೆಯವಳು ಹೇಳಿದಳು, ಅದು ತಮಾಷೆಯಾಯಿತು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಅದಕ್ಕೆ ದೀಪವನ್ನು ಬೈದು ಏನು ಮಾಡುವುದು?

ಕಳೆದ ಶ್ರಾವಣದಲ್ಲಿ ಆಕೆಯ ಕಣ್ಣು ಹಳದಿಯಾದವು. ಗೋಡೆಯಾಚೆಯ ಮನೆ, ಬೇರೆ ಎಲ್ಲಿಗೆ ಹೋಗುತ್ತಾಳೆ? ಅಬ್ಬಾ ಮೂರು ಭಾನುವಾರ ಔಷಧಿ ಕೊಟ್ಟರು, ಎಣ್ಣೆ ಖಾರ ಬಿಡಿಸಿದರು, ತಾವೇ ಕಬ್ಬಿನ ಹಾಲು ತಂದು ಕುಡಿಸಿದರು. ಹಳದಿ ಇಳಿಯಲಿಲ್ಲ, ಹೊಟ್ಟೆ ಉಬ್ಬಿತು. ಸೋಮೇಶ ಗದಗಿಗೆ ಒಯ್ದ. ಅಲ್ಲಿ ಸ್ಕ್ಯಾನ್ ಮಾಡಿದವರು ಲಿವರಿನ ತುಂಬ ಇದೆ, ಮೂಲ ಬೇರೆಲ್ಲೋ ಇರಬೇಕು ಎಂದಾಗ ಆಕೆ ಮೊದಲ ಸಲ ಸೆರಗು ಸರಿಸಿದಳು. ಮುಂದಿನದು ನಿನಗೆ ನನಗಿಂತ ಹೆಚ್ಚು ಗೊತ್ತು. ನಿನ್ನ ಆಸ್ಪತ್ರೆಗೇ ಒಯ್ದು ಮಲಗಿಸಿಕೊಂಡೆ, ನಿನಗೆ ಕಲಿಸಿದ ದೊಡ್ಡ ಡಾಕ್ಟರನ್ನೂ ಕರೆಸಿದೆ, ಯಾವ ಔಷಧಿಯನ್ನೂ ಆ ಲಿವರು ತಡೆದುಕೊಳ್ಳಲಿಲ್ಲ. ಕೊನೆಗೆ ಊರಿಗೆ ಒಯ್ಯಿರಿ ಎಂದು ನಿನ್ನ ಬಾಯಿಂದಲೇ ಹೇಳಬೇಕಾಯಿತು. ದೀಪಾವಳಿ ಆದ ವಾರಕ್ಕೆ ಆಕೆ ಹೋದಳು.

ಮಣ್ಣಿಗೆ ನೀನು ಬಂದೆ. ಎಲ್ಲರ ಹಿಂದೆ ನಿಂತಿದ್ದೆ. ಅಬ್ಬಾ ಹಿಡಿ ಮಣ್ಣು ಹಾಕಲು ಮುಂದೆ ಬಂದಾಗ ನೀನು ಊರ ಜನರ ಎದುರಿಗೆ, ‘ನೀವು ಹಾಕಬ್ಯಾಡ್ರಿ ಅಬ್ಬಾ. ನಿಮ್ಮ ಬೇರು ಆಕೀ ಮೂರು ವಾರ ದಂಡ ಮಾಡೇತಿ’ ಎಂದೆ. ಅವರು ಕೈಯಲ್ಲಿದ್ದ ಮಣ್ಣನ್ನು ಅಲ್ಲೇ ಬಿಟ್ಟು ಹಿಂದೆ ಸರಿದರು. ನೀನು ಮನೆಗೆ ಬರದೆ ಅಲ್ಲಿಂದಲೇ ಹುಬ್ಬಳ್ಳಿಗೆ ಹೋದೆ. ಯಾಸ್ಮೀನ, ನಿನ್ನ ಮಾತು ಸುಳ್ಳಲ್ಲ. ಆದರೆ ಆ ಮಾತು ಆಡಲು ಅದು ಜಾಗವಾಗಿರಲಿಲ್ಲ. ಅವತ್ತು ನನಗೆ ನಿನ್ನ ಮೇಲೆ ಸಿಟ್ಟು ಬಂತು, ಅವರ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚು ಸತ್ತವಳ ಮೇಲೆ ಬಂತು. ಇಬ್ಬರು ಬಲ್ಲವರ ನಡುವೆ ಇದ್ದೂ ಬಾಯಿಬಿಡದೆ ಸತ್ತಳಲ್ಲ ಎಂದು.

ಆಕೆ ಯಾಕೆ ಬಾಯಿಬಿಡಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ. ನಾಚಿಕೆ ಎಂದುಕೊಂಡಿದ್ದೀಯ. ನಾಚಿಕೆಯಲ್ಲ. ಹೋಗುವ ಮೊದಲು, ಒಂದು ಮಧ್ಯಾಹ್ನ, ನಾನು ಒದ್ದೆ ಬಟ್ಟೆಯಲ್ಲಿ ಆಕೆಯ ಮೈ ಒರೆಸುತ್ತಿದ್ದೆ. ಹುಣ್ಣಾದ ಎಡಗಡೆಯ ಹತ್ತಿರ ಕೈ ಬಂದಾಗ ಆಕೆ ನನ್ನ ಮಣಿಕಟ್ಟು ಹಿಡಿದು ಕೇಳಿದಳು. ‘ಮೋತಿಬಿ, ಹುಡುಗಿ ಕುಡದದ್ದು ಈ ಕಡೀನ. ಇದು ಕೆಟ್ಟಿದ್ದು ಆಕೀಗೆ ಗೊತ್ತಾದ್ರ ಕುಡದ ಹಾಲು ಹೊಟ್ಟ್ಯಾಗ ಕೆಡತೈತಿ ಅಂತಾರ. ಅದಕ್ಕ ಹೇಳಲಿಲ್ಲ. ಈಗ ಗೊತ್ತಾತು. ಆಕೀಗೆ ಏನೂ ಆಗಂಗಿಲ್ಲಲ್ಲ?’ ಕೂಸು ದೊಡ್ಡದಾದ ಮೇಲೆ ಹಾಲು ಕೊಟ್ಟ ಮೊಲೆಯ ಕೇಡನ್ನು ಅದರ ಕಿವಿಗೆ ಹಾಕಬಾರದು ಎಂಬ ಮಾತು ನಮ್ಮ ಮುದುಕಿಯರ ಬಾಯಲ್ಲಿ ಇದೆ, ನಾನೂ ಕೇಳಿದ್ದೇನೆ. ಅಂದರೆ ಶಾಲೆಯಲ್ಲಿ ನೀನು ಕೇಳಿದಾಗ ಆಕೆಗೆ ಗಂಟು ಇರುವುದು ಗೊತ್ತಿತ್ತು. ಆಗ ಹಾಲುಗಂಟೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು, ಆಮೇಲೆ ದಿಲ್ಲಿಯ ಫೋಟೋ ನೋಡಿದ ದಿನದಿಂದ ಪೂರ್ತಿ ಹೆದರಿದ್ದಳು. ಪರದೆಯ ಹಿಂದೆ ಕರೆದಿದ್ದರೂ ನಿನಗೆ ತೋರಿಸುತ್ತಿರಲಿಲ್ಲ. ಜಗತ್ತಿನ ಯಾವ ಡಾಕ್ಟರಿಗಾದರೂ ತೋರಿಸುತ್ತಿದ್ದಳೇನೋ, ನಿನಗೆ ಮಾತ್ರ ಇಲ್ಲ. ಹಾಲಿನಿಂದ ರೋಗ ಬರುವುದಿಲ್ಲ ಎಂದು ನೀನು ಶಿಬಿರದಲ್ಲಿ ಹೇಳುತ್ತಿದ್ದುದನ್ನೇ ನಾನು ಆಕೆಗೆ ಹೇಳಿದೆ. ನಂಬಿದಳೋ ಇಲ್ಲವೋ, ಕೈ ಬಿಟ್ಟಳು. ಈ ಮಾತನ್ನು ಇಷ್ಟು ದಿನ ನಿನಗೆ ಫೋನಿನಲ್ಲಿ ಹೇಳಬೇಕೆಂದಿದ್ದೆ. ನೀನು ಮಲಗಿದ್ದೆ.

ಇನ್ನು ಅಬ್ಬಾನ ಸುದ್ದಿ. ಮಣ್ಣಿನ ದಿನದಿಂದ ಅವರು ಬೇರು ಅರೆದಿಲ್ಲ. ಮೊದಲ ಭಾನುವಾರ ಬಂದವರಿಗೆ ಆಸ್ಪತ್ರೆಗೆ ಹೋಗಿರೆಂದು ಕೈಮುಗಿದರು. ಆ ಜನ ಆಸ್ಪತ್ರೆಗೆ ಹೋಗಲಿಲ್ಲ, ಔಷಧಿ ಕೊಡುವ ಮತ್ತೊಂದು ಊರು ಹುಡುಕಿಕೊಂಡು ಹೋದರು. ಅವರ ಪಾಡು ಕೇಳಿ ಅಬ್ಬಾ ಎರಡು ದಿನ ಉಣ್ಣಲಿಲ್ಲ. ಮುಂದಿನ ಭಾನುವಾರ ಬಾಗಿಲಲ್ಲಿ ಎಂದಿನಂತೆ ಚಾಪೆ ಹಾಸಿ ಕೂತು ಹೊಸ ಪಥ್ಯ ಶುರು ಮಾಡಿದರು. ‘ರಕ್ತದ ಚೀಟಿ, ಹೊಟ್ಟಿ ಸ್ಕ್ಯಾನ್ ಚೀಟಿ ಇಲ್ದ ನಮ್ಮ ಔಷಧಿ ಹತ್ತಂಗಿಲ್ಲ. ಡಾಕ್ಟರ ಸಹಿ ಮಾಡಸ್ಕೊಂಡ ಬರ್ರಿ’ ಎನ್ನುತ್ತಾರೆ. ಆಸ್ಪತ್ರೆಗೆ ಹೋಗಿ ಎಂದರೆ ಹೋಗದ ಜನ ಪಥ್ಯ ಎಂದರೆ ತಲೆಬಾಗಿ ಹೋಗುತ್ತಾರೆ. ಅಲ್ಲಿ ಡಾಕ್ಟರು ಕೊಟ್ಟ ಗುಳಿಗೆ ನುಂಗಿ ಗುಣವಾದವರು ಬಂದು, ಬರೀ ಪಥ್ಯಕ್ಕೇ ಕಾಮಣಿ ಇಳಿಯಿತು ಎಂದು ಅಬ್ಬಾನ ಕಾಲಿಗೆ ಬೀಳುತ್ತಾರೆ. ಅವರು ಮುಖ ಬೇರೆ ಕಡೆ ತಿರುಗಿಸುತ್ತಾರೆ. ಅಷ್ಟೇ ಅಲ್ಲ, ಬಂದ ಹೆಂಗಸರೆಲ್ಲ, ರೋಗಿಯ ಜೊತೆಗೆ ಬಂದವರೂ, ಒಳಗೆ ಹೋಗಿ ಅಮ್ಮನ ಕೈ ಮುಟ್ಟಿಸಿಕೊಂಡು ಬರಬೇಕು ಎಂಬುದೂ ಪಥ್ಯದಲ್ಲಿ ಸೇರಿದೆ. ಅಮ್ಮ ಎಂದರೆ ನಾನು. ನೀನು ಶಿಬಿರದಲ್ಲಿ ಬೆರಳು ಮಡಿಸದೆ ಸುತ್ತು ಸುತ್ತಾಗಿ ಒತ್ತಿ ನೋಡುವುದನ್ನು ಕಲಿಸಿದ್ದೆಯಲ್ಲ, ಹಾಗೆ ನೋಡುತ್ತೇನೆ. ಮೊದಲ ವಾರ ಒಬ್ಬ ತೆಳ್ಳನೆಯ ಮುದುಕಿಯ ಪಕ್ಕೆಲುಬನ್ನೇ ಗಂಟು ಎಂದು ತಿಳಿದು ಗಾಬರಿ ಮಾಡಿಬಿಟ್ಟೆ. ಆಕೆ ನನಗೆ ಶಾಪ ಹಾಕಿ ಹೋದಳು.

ನಿನ್ನ ಬಗ್ಗೆ ಅಬ್ಬಾ ಒಂದೇ ಮಾತು ಹೇಳಿದ್ದಾರೆ, ಇದ್ದ ಹಾಗೇ ಬರೆಯುತ್ತೇನೆ. ‘ಬೇರು ಬೇಕಂದ್ರ ಬಂದು ಒಯ್ಯಲಿ. ಹೆಸರ ಕೇಳಬ್ಯಾಡ ಅನ್ನು, ಗಿಡಾ ತೋರಸ್ತೀನಿ.’ ಅವರ ಮಟ್ಟಿಗೆ ಇದು ಬಹಳ ದೊಡ್ಡ ಮಾತು. ನೀನು ಬರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು, ಅಪ್ಪ ಮಗಳ ನಡುವೆ ನಾನು ಬರುವುದಿಲ್ಲ. ಕತ್ತರಿಯ ವಿಷಯಕ್ಕೆ ಮಾತ್ರ ಬರುತ್ತೇನೆ. ದುಃಖ ಇರಲಿ ಮಗಳೇ, ನನಗೂ ಇದೆ. ಗೋಡೆಯಾಚೆ ಹಂಚಿನ ಸಪ್ಪಳ ಕೇಳಿಸದೆ ನನಗೆ ಬೆಳಗಾದಂತೆಯೇ ಅನ್ನಿಸುವುದಿಲ್ಲ. ಆದರೆ ಆಕೆಯನ್ನು ಉಳಿಸಲಾಗಲಿಲ್ಲ ಎಂದು ನೀನು ಕೈಕಟ್ಟಿ ಕೂತರೆ, ಕುಡಿದ ಹಾಲು ಕೆಡುತ್ತದೆ ಎಂದು ಆಕೆ ಹೆದರಿದ್ದು ಖರೆಯಾಗುತ್ತದೆ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ವಸೀಮನಿಗೆ ನನ್ನ ದುವಾ ಹೇಳು. ಅಮೀರಾಳ ಹಣೆಗೆ ನನ್ನ ಹೆಸರಿನಲ್ಲಿ ಮುತ್ತು ಕೊಡು. ಹನಮಪ್ಪನೂ ಸೋಮೇಶನೂ ನಿನ್ನನ್ನು ಕೇಳಿದ್ದಾರೆ ಎಂದು ಬರೆಯಲೇ? ಸೋಮೇಶ ಕೇಳಿದ್ದು ನಿಜ. ‘ತಂಗಿ ಉಂಡಾಳೇನು’ ಎಂದು ಕೇಳಿದ. ಅಲ್ಲಾ ನಿನ್ನ ಕೈಯಲ್ಲಿ ಮೊದಲಿನ ಬಲ ಇಡಲಿ. ನಾಳೆ ಭಾನುವಾರ, ನಾಡಿದ್ದು ಇದನ್ನು ಅಂಚೆಗೆ ಹಾಕುತ್ತೇನೆ.

ನಿನ್ನನ್ನು ಹೆತ್ತವಳು, ಹಾಲು ಕೊಡಲಾಗದವಳು,
ಮೋತಿಬಿ

ತಾ.ಕ.: ಭಾನುವಾರ ಮಧ್ಯಾಹ್ನ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವುದಿಲ್ಲ. ಇವತ್ತು ಅಸುಂಡಿಯಿಂದ ಯಮನೂರಪ್ಪ ಎಂಬವರು ಕಾಮಣಿಯೆಂದು ಬಂದಿದ್ದರು, ಜೊತೆಗೆ ಸೊಸೆ ಮಮತಾ. ಚಿಕ್ಕ ವಯಸ್ಸು, ಎರಡು ಮಕ್ಕಳು, ಕಿರಿಯದಕ್ಕೆ ದಸರೆಗೆ ಹಾಲು ಬಿಡಿಸಿದ್ದಾಳೆ. ಪಥ್ಯವೆಂದು ಒಳಗೆ ಕರೆದು ಕೈಯಿಟ್ಟೆ. ಬಲಗಡೆ, ಕಂಕುಳದ ಹತ್ತಿರ. ಇದು ಪಕ್ಕೆಲುಬಲ್ಲ ಯಾಸ್ಮೀನ, ಎರಡೆರಡು ಸಲ ನೋಡಿದೆ, ಕಡಲೆಕಾಯಿಯಷ್ಟು, ಒತ್ತಿದರೆ ಸರಿಯುವುದಿಲ್ಲ, ನೋಯುವುದೂ ಇಲ್ಲವಂತೆ. ‘ಹಾಲುಗಂಟ್ರೀ ಅಮ್ಮಾ, ಕರಗತೈತಿ’ ಎಂದಳು. ಯಾವ ಆಸ್ಪತ್ರೆಗೂ ಹೋಗುವುದಿಲ್ಲ ಎಂದಳು. ನಾನು ಹೆದರಿಸಲಿಲ್ಲ. ‘ಹಾಲುಗಂಟು ಕರಗಸಾಕ ನನ್ನ ಮಗಳ ಕೈನ ಆಗಬೇಕು, ಇದೂ ಪಥ್ಯ’ ಎಂದೆ. ಒಪ್ಪಿದಳು. ನೀನು ಆಸ್ಪತ್ರೆಯಲ್ಲಿ ಇರುವುದಿಲ್ಲ ಎಂದು ವಸೀಮನಿಗೆ ಫೋನ್ ಮಾಡಿ ಮನೆಯ ದಾರಿ ಕೇಳಿ ಬರೆದುಕೊಟ್ಟಿದ್ದೇನೆ. ಗಂಡನ ಜೊತೆ ನಾಳೆ ಮೊದಲ ಬಸ್ಸಿಗೆ ಬರುತ್ತಾಳೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳೇ ಆಕೆ. ನೀನು ಇದನ್ನು ಓದುತ್ತಿರುವಾಗ ನಿನ್ನ ಬಾಗಿಲಲ್ಲಿ ನಿಂತಿದ್ದಾಳೆ. ಆಕೆಯ ಕಣ್ಣು ನೋಡು. ಬೆಳ್ಳಗಿವೆ, ಇನ್ನೂ ಬೆಳ್ಳಗಿವೆ. ಒಳಗೆ ಕರೆ.